ಗೇಟಿನ ಮುಂದೆ ಗುಡಿಸದ ಜಾಗ

ನನಗೆ ಕಸ ಕಂಡರಾಗದು. ಮೈಸೂರಿನಲ್ಲಿ ನಮ್ಮಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟ ಮೇಲೆಯೇ ಕಾಫಿಗೆ ಎಸರಿಡುತ್ತಿದ್ದದ್ದು. ಆ ಚಟ ನನಗೂ ಅಂಟಿದೆ. ಮಸ್ಕತ್ತಿನಂಥ ಮರಳಿನ ಸೀಮೆಗೆ ಬಂದ ಮೇಲೂ ಬಿಡಲಿಲ್ಲ. ಆಗ ನಾವಿದ್ದದ್ದು ಅಲ್ ಮಬೇಲಾದಲ್ಲಿ, ಒಂದು ಎರಡಂತಸ್ತಿನ ಮನೆಯ ಮೇಲ್ಭಾಗದಲ್ಲಿ. ಕೆಳಗೆ ಮನೆ ಮಾಲೀಕರ ಸಂಸಾರ. ಅಂಗಳ ಎರಡೂ ಮನೆಗೆ ಒಂದೇ, ಅದರ ನಡುವೆ ಒಂದು ಎಲಚಿ ಮರ. ಅಂಗಳ ಗುಡಿಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ನನ್ನ ಗಂಡ ಘಾಲಾದ ವರ್ಕ್‌ಶಾಪಿನ ಕೆಲಸಕ್ಕೆ ಹೊರಡುವ ಮೊದಲೇ ನಾನು ಪೊರಕೆ ಹಿಡಿದು ಕೆಳಗಿಳಿದಿರುತ್ತಿದ್ದೆ. ಮರಳುಗಾಡಿನಲ್ಲಿ ಧೂಳು ಹೊಡೆಯುವವಳು ಎಂದು ಅವರು ನನ್ನನ್ನು ರೇಗಿಸುತ್ತಿದ್ದರು. ಇಂಥ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡು ಕೂರಿಸಿದವರು ಇಬ್ಬರು. ಒಬ್ಬರು ನನ್ನ ಅತ್ತೆ, ಇನ್ನೊಬ್ಬರು ಆ ಮನೆಯ ಒಡತಿ.

ಒಡತಿಯನ್ನು ನಾನು ಖಾಲಾ ಎಂದು ಕರೆಯುತ್ತಿದ್ದೆ. ತಾಯಿಯ ಅಕ್ಕತಂಗಿಯರಿಗೆ ಅರಬ್ಬಿಯಲ್ಲೂ ಉರ್ದುವಿನಲ್ಲೂ ಅದೇ ಮಾತು. ಅವರದು ಬಲೂಚಿ ಮನೆತನ. ಹಿರೀಕರು ಯಾವ ಕಾಲಕ್ಕೋ ಸಮುದ್ರದಾಚೆಯ ದಡದಿಂದ ಬಂದು ಒಮಾನಿನವರೇ ಆಗಿಬಿಟ್ಟಿದ್ದರು. ಹಾಗಾಗಿ ಖಾಲಾಗೆ ಬಲೂಚಿ, ಅರಬ್ಬಿಗಳ ಜೊತೆಗೆ ಹಿಂದಿಯೂ ಸಲೀಸಾಗಿ ಬರುತ್ತಿತ್ತು. ದುಂಡಗಿನ ಮೈ, ಹಸಿರು ಬಣ್ಣದ ಮೇಲೆ ಬಲು ಪ್ರೀತಿ, ಬಾಯಿ ತುಂಬ ನಗು. ಸಂಜೆ ಐದಕ್ಕೆ ಕಾವಾ ಎಂಬ ಅರಬ್ಬಿ ಕಾಫಿಯ ಫ್ಲಾಸ್ಕು, ಒಂದು ತಟ್ಟೆ ಖರ್ಜೂರ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಅತ್ತೆ ಬಾಗಲಕೋಟೆ ಕಡೆಯವರು. ಆ ವರ್ಷ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಮಗನ ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಊರು, ಮೊಮ್ಮಗಳೋ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಒಂದು ವಾರದಲ್ಲೇ ಬೇಸತ್ತು ವಾಪಸ್ ಹೊರಡುತ್ತಾರೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರಿಗೆ ಖಾಲಾ ಸಿಕ್ಕರು. ಬಾಗಲಕೋಟೆಯ ಸಂತೆಯಲ್ಲಿ ಕಲಿತ ಅತ್ತೆಯ ಹಿಂದಿಯೂ ಖಾಲಾರ ಹಿಂದಿಯೂ ಸೇರಿ ಯಾವ ಮೇಷ್ಟರೂ ಒಪ್ಪದ ಒಂದು ಭಾಷೆಯಾಯಿತು. ಅವರಿಬ್ಬರಿಗೆ ಮಾತ್ರ ಅದರಲ್ಲಿ ಏನೂ ತೊಡಕಿರಲಿಲ್ಲ. ಖಾಲಾ ಇವರನ್ನು ಬೆಹೆನ್ ಎಂದರು, ಇವರು ಖಾಲಾರನ್ನು ಬೀಬಿ ಎಂದರು. ಕಟಕ್ ರೊಟ್ಟಿ ಕೆಳಗಿಳಿಯಿತು. ಅದಕ್ಕಿಂತ ತೆಳ್ಳಗಿನ, ಕಾಗದದಂಥ ಒಮಾನಿ ರೊಟ್ಟಿ ಮೇಲೆ ಬಂತು. "ಇದನ್ನ ಬಡಿಯೂದಿಲ್ಲಂತ, ಕೈಲೆ ಒರಸ್ತಾರಂತ ನೋಡವ್ವಾ!" ಎಂದು ಅತ್ತೆ ಬೆರಗಾದರು.

ಖಾಲಾರ ಕಿರಿಯ ಮಗ ಸೈನ್ಯದಲ್ಲಿದ್ದ. ರಜೆಗೆ ಬಂದಾಗಲೆಲ್ಲ ಮೆಟ್ಟಿಲ ಕೆಳಗೆ ನಿಂತು "ಅಮ್ಮಾ, ರೊಟ್ಟಿ ಇದೆಯೇ?" ಎಂದು ನಮ್ಮ ಅತ್ತೆಯನ್ನು ಕೂಗುವಷ್ಟು ಸಲಿಗೆ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ, ಹೆಂಡತಿ ಬಸುರಿ. ಇಂಥ ಹೊತ್ತಿನಲ್ಲಿ ಅವನನ್ನು ಹೊರದೇಶಕ್ಕೆ ಕಳಿಸುವ ಆದೇಶ ಬಂತು.

ಅದು ಇರಾಕಿನಲ್ಲಿ ಯುದ್ಧವಾಗುತ್ತದೆ ಎಂದು ಎಲ್ಲರೂ ಮಾತನಾಡುತ್ತಿದ್ದ ಕಾಲ. ಕೊಲ್ಲಿಯ ಆರು ನೆರೆ ದೇಶಗಳು ಸೇರಿ ಕಟ್ಟಿಕೊಂಡ ಜಂಟಿ ಪಡೆಯೊಂದಿತ್ತು. ಅದರ ಶಿಬಿರ ದೂರದ ಉತ್ತರದಲ್ಲಿ, ಸೌದಿಯ ಮರುಭೂಮಿಯಲ್ಲಿ. ಆರೂ ದೇಶಗಳವರು ಸರದಿಯಂತೆ ತಮ್ಮ ಸೈನಿಕರನ್ನು ಅಲ್ಲಿಗೆ ಕಳಿಸುತ್ತಿದ್ದರು. ಪತ್ರಿಕೆಯ ತುಂಬ ಮಂತ್ರಿಗಳು ಕೈ ಕುಲುಕುವ ಚಿತ್ರಗಳು. ನನಗೆ ಅದರ ಅರ್ಥ ಹೊಳೆದದ್ದು ಪತ್ರಿಕೆಯಿಂದಲ್ಲ, ಗಂಡನ ಊಟದ ಹೊತ್ತಿನ ಮಾತಿನಿಂದ. ಅವರ ಕಂಪನಿಯದು ಲಾರಿ ಮೇಲೆ ಹೊತ್ತೊಯ್ದು ಇಳಿಸುವ ತಗಡಿನ ಕ್ಯಾಬಿನ್‌ಗಳನ್ನು ಮಾಡುವ ಕೆಲಸ. ಜಂಟಿ ಕವಾಯತು ಒಮಾನಿನಲ್ಲಿ ನಡೆಯುವಾಗ ಶಿಬಿರಕ್ಕೆ ಕ್ಯಾಬಿನ್‌ಗಳು ಘಾಲಾದ ಇವರ ವರ್ಕ್‌ಶಾಪಿನಿಂದಲೇ ಹೋಗುತ್ತಿದ್ದವು.

"ಮೊದಲ ಒಂದೊಂದ ದೇಶದವ್ರಿಗೆ ಒಂದೊಂದ ಊಟದ ಕ್ಯಾಬಿನ್ ಕೇಳ್ತಿದ್ರು," ಎಂದರು ಒಂದು ದಿನ. "ಈ ಸರ್ತಿ ಬ್ಯಾಡಂತ. ಎಲ್ಲಾರೂ ಕೂಡಿ ಉಣ್ಣೂ ಹಂಗ ಒಂದ ದೊಡ್ಡ ಹಾಲ್ ಮಾಡ್ಕೊಡ್ರಿ ಅಂದಾರ."

"ಒಂದ ಪಂಕ್ತ್ಯಾಗ ಕುಂತ್ರಂದ್ರ ಬೀಗರಾದಂಗ ಆತು ತಗೋ," ಎಂದರು ಅತ್ತೆ.

ಬೀಗರಾದರೋ ಇಲ್ಲವೋ, ಖಾಲಾರ ಮಗ ಹೊರಡುವುದಂತೂ ಗಟ್ಟಿಯಾಯಿತು. ಖಾಲಾ ನಗುವುದನ್ನು ನಿಲ್ಲಿಸಿದರು. ಸೊಸೆಯ ಹೆರಿಗೆ ಆಗುವವರೆಗಾದರೂ ಬೇರೆಯವರನ್ನು ಕಳಿಸಲಿ, ನೀವು ನಿಮ್ಮ ಹಳೆಯ ಗೆಳೆಯರಿಗೆ ಒಂದು ಮಾತು ಹೇಳಿ ಎಂದು ಯಜಮಾನರಿಗೆ ದುಂಬಾಲು ಬಿದ್ದರು. ಯಜಮಾನರೂ ಸೈನ್ಯದಿಂದ ನಿವೃತ್ತರಾದವರು, ಬಾಯಿಂದ ಮುತ್ತು ಉದುರಿಸಲೂ ಲೆಕ್ಕ ಹಾಕುವ ಮನುಷ್ಯ. ಅವರು ಆಡಿದ್ದಿಷ್ಟೇ ಎಂದು ಖಾಲಾ ನಮಗೆ ಹೇಳಿದರು: "ನನ್ನ ತಂಗಿ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದಾಗ ಬಾಗಿಲು ತೆಗೆದವಳು ನೀನೇ ಅಲ್ಲವೇ? ಇವನು ಹೋಗುವುದು ಅಂಥವರ ಬಾಗಿಲು ಕಾಯುವುದಕ್ಕೇ."

ಇರಾಕು ಕುವೈತಿನೊಳಗೆ ನುಗ್ಗಿದ ವರ್ಷ ಆ ನಾದಿನಿಯ ಸಂಸಾರ ಇವರ ಸೀಬ್‌ನ ಹಳೆಯ ಮನೆಯಲ್ಲಿ ತಿಂಗಳುಗಟ್ಟಲೆ ಇತ್ತಂತೆ. ಆಗ ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತು ಉಂಡದ್ದನ್ನು ಖಾಲಾ ನೆನೆದರು. ನಾದಿನಿಯ ಮಕ್ಕಳು ಬಾಗಿಲು ಬಡಿದ ಸದ್ದಾದರೆ ಮಂಚದಡಿ ಸೇರಿಕೊಳ್ಳುತ್ತಿದ್ದದ್ದನ್ನೂ ನೆನೆದರು. ಯಜಮಾನರ ಮಾತು ಸರಿಯೆಂದು ಅವರೂ ಒಪ್ಪಿದರು. ಆದರೆ ಒಪ್ಪಿದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ?

"ಹೋಗಲಿ ಬೆಹೆನ್. ನಾನು ನೀರು ಹಾಕುತ್ತೇನೆ, ಅವನು ಬರುತ್ತಾನೆ," ಎಂದು ಕೊನೆಗೆ ಕಣ್ಣೊರೆಸಿಕೊಂಡರು. ಆ ಮಾತು ನನ್ನ ಕಿವಿಗೂ ಬಿತ್ತು, ಅತ್ತೆಯ ಕಿವಿಗೂ ಬಿತ್ತು. ಗಿಡಕ್ಕೋ ದರ್ಗಾಕ್ಕೋ ಏನೋ ಹರಕೆ ಇರಬೇಕು ಎಂದು ನಾವು ಕೇಳಲು ಹೋಗಲಿಲ್ಲ.

ಅವನು ಹೊರಟದ್ದು ಬೆಳಗಿನ ನಮಾಜು ಮುಗಿದ ಮೇಲೆ, ಬೆಳಕು ಹರಿಯುವಾಗ. ಗೇಟಿನಾಚೆ ಅವನ ಗೆಳೆಯನ ಪಿಕಪ್ ನಿಂತಿತ್ತು. ಅತ್ತೆ ಅಷ್ಟೊತ್ತಿಗೇ ಸ್ನಾನ ಮಾಡಿ, ಒಂದು ಬಟ್ಟಲು ಮೊಸರಿಗೆ ಸಕ್ಕರೆ ಹಾಕಿಕೊಂಡು ಕೆಳಗಿಳಿದಿದ್ದರು. ಅವರ ತವರಿನಲ್ಲಿ ಮನೆಗೊಬ್ಬ ಸಿಪಾಯಿ. ಅಣ್ಣತಮ್ಮಂದಿರನ್ನು ಹೀಗೆ ಕಳಿಸಿ ಕಳಿಸಿ ಅಭ್ಯಾಸ. ಅವನ ಅಂಗೈಗೆ ಮೊಸರು ಹಾಕಿದರು. ಅವನು ನಗುತ್ತ ನೆಕ್ಕಿದ. "ಹೋಗ್ತೀನಿ ಅನಬ್ಯಾಡ, ಹೋಗಿ ಬರ್ತೀನಿ ಅನ್ನು," ಎಂದು ಹಿಂದಿಯಲ್ಲಿ ಹೇಳಿಕೊಟ್ಟರು. ಅವನು ಅದನ್ನೂ ಅಂದ. ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು. ಯಜಮಾನರು ಮಗನ ಹೆಗಲು ತಟ್ಟಿದರು. ಪಿಕಪ್ ಹೊರಟಿತು.

ಆಗ ಖಾಲಾ ಎರಡೂ ಕೈಯಲ್ಲಿ ಒಂದು ದೊಡ್ಡ ಸ್ಟೀಲು ಬೋಗುಣಿ ಹಿಡಿದು ಗೇಟಿನತ್ತ ಓಡಿದರು. ಬೋಗುಣಿಯ ತುಂಬ ನೀರು, ಮೇಲೆ ನಾಲ್ಕಾರು ರೇಹಾನ್ ಎಲೆ. ರೇಹಾನ್ ಎಂದರೆ ನಮ್ಮ ಕಾಮಕಸ್ತೂರಿಯಂಥ ಗಿಡ. ಬೋಗುಣಿಯನ್ನು ಮೇಲೆತ್ತಿ ವಾಹನದ ಹಿಂದೆ ಇನ್ನೇನು ಎರಚಬೇಕು, ಅಷ್ಟರಲ್ಲಿ ಅತ್ತೆ "ಅಯ್ಯಯ್ಯೋ, ಬ್ಯಾಡ!" ಎಂದು ಕಿರುಚಿಕೊಂಡು ಹೋಗಿ ಅವರ ಮುಂಗೈ ಹಿಡಿದೆಳೆದರು. ನಾಲ್ಕು ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದು ಕೂರುತ್ತಿದ್ದ ಅತ್ತೆ ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ. ಬೋಗುಣಿ ಹಿಂದಕ್ಕೆ ಮಗುಚಿತು. ನೀರೆಲ್ಲ ಗೇಟಿನ ಒಳಗೆ, ಅವರಿಬ್ಬರ ಕಾಲಮೇಲೆಯೇ ಸುರಿಯಿತು. ಪಿಕಪ್ ತಿರುವು ದಾಟಿ ಹೋಗಿಬಿಟ್ಟಿತ್ತು.

ಖಾಲಾ ಕೂಗಾಡಲಿಲ್ಲ. ಖಾಲಿ ರಸ್ತೆಯನ್ನೇ ನೋಡುತ್ತ ನಿಂತು, "ಏನು ಮಾಡಿಬಿಟ್ಟಿರಿ ಬೆಹೆನ್?" ಎಂದರು.

ಅತ್ತೆ ಅವರ ಮುಂಗೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಮಗಾ ಹೊಸ್ತಿಲಾ ದಾಟ್ಯಾನ, ಬೆನ್ನ ಹಿಂದನ ನೀರ ಚೆಲ್ಲತೀರಲ್ಲ ಬೀಬಿ! ನಮ್ಮಲ್ಲೆ ಹೆಣಾ ಹೋದಮ್ಯಾಲೆ ಹಂಗ ಮಾಡ್ತಾರ. ಬದುಕಿದಾಂವ ಹೋದ್ರ ಅಂವ ಹೋಗಿ ಮುಟ್ಟೂತನಾ ಕಸಾನೂ ಹೊಡಿಯಂಗಿಲ್ಲ, ನೀರೂ ಹಾಕಂಗಿಲ್ಲ."

"ನಮ್ಮಲ್ಲಿ ಹೋದವರು ನೀರಿನ ಹಾಗೆ ಹರಿದು ಮನೆಗೆ ಬರಲಿ ಅಂತಲೇ ಹಾಕುವುದು," ಎಂದರು ಖಾಲಾ. "ಅವನ ಅಪ್ಪ ಹೊರಟಾಗಲೆಲ್ಲ ಹಾಕಿದ್ದೇನೆ. ಪ್ರತಿಸಲವೂ ಬಂದಿದ್ದಾರೆ. ನನ್ನ ಕೈಲಿದ್ದದ್ದು ಅದೊಂದೇ."

ಅಷ್ಟು ಹೇಳಿ ಬೋಗುಣಿಯನ್ನು ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಅತ್ತೆ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತರು. ಅವರ ಮುಖ ನೋಡಿ ನನಗೆ ಪಾಪ ಎನಿಸಿತು, ಸಿಟ್ಟೂ ಬಂತು. ಕೇಳಿ ತಿಳಿಯದೆ ಇನ್ನೊಬ್ಬರ ಮನೆಯ ವಿಷಯಕ್ಕೆ ಯಾಕೆ ಕೈ ಹಾಕಬೇಕಿತ್ತು? ಆದರೆ ಅತ್ತೆಗೆ ಅದು ಇನ್ನೊಬ್ಬರ ಮನೆ ಎನಿಸಿದ್ದರಲ್ಲವೇ ಕೇಳುವುದು? ಸಿಟ್ಟನ್ನು ನುಂಗಿಕೊಂಡು, ಅಂಗಳದ ರಾಡಿಯನ್ನಾದರೂ ಬಳಿಯೋಣವೆಂದು ಪೊರಕೆ ಎತ್ತಿಕೊಂಡೆ.

"ಏಯ್! ಕೆಳಗಿಡು ಅದನ್ನ!" ಎಂದರು ಅತ್ತೆ. "ಅಂವ ಹೋಗಿ ಮುಟ್ಟಿದ ಸುದ್ದಿ ಬರೂತನಾ ಈ ಅಂಗಳಕ್ಕ ಕಸಬರಿಗಿ ಹಚ್ಚೂದಿಲ್ಲ."

ಶಿಬಿರ ತಲುಪಿದ ಕೂಡಲೇ ಫೋನು ಮಾಡುತ್ತೇನೆ ಎಂದು ಅವನು ಹೇಳಿಹೋಗಿದ್ದ. ಎರಡು ದಿನವಾಯಿತು, ಮೂರಾಯಿತು, ಫೋನಿಲ್ಲ. ಶಿಬಿರದೊಳಗೆ ಮೊಬೈಲು ಬಿಡುತ್ತಿಲ್ಲ ಎಂದು ಯಾರೋ ಅಂದರು, ಪಡೆಯನ್ನು ಇನ್ನೂ ಮುಂದಕ್ಕೆ ಸಾಗಿಸಿದ್ದಾರೆ ಎಂದು ಇನ್ಯಾರೋ ಅಂದರು. ಸಂಜೆಯ ಕಾವಾ ನಿಂತುಹೋಯಿತು. ಅತ್ತೆ ಒಂದು ರೊಟ್ಟಿಯನ್ನು ಮುರಿದು ಅರ್ಧ ಬಿಟ್ಟು ಏಳತೊಡಗಿದರು. ಟೀವಿಯಲ್ಲಿ ಅರಬ್ಬಿ ವಾರ್ತೆ ಬಂದರೆ ಒಂದು ಅಕ್ಷರ ತಿಳಿಯದಿದ್ದರೂ ಮುಂದೆ ಹೋಗಿ ಕೂರುತ್ತಿದ್ದರು.

"ಸೈನಿಕರನ್ನು ತೋರಿಸಿದ್ರೆ ಅದರಲ್ಲಿ ಇವನೇ ಕಾಣ್ತಾನಾ ಅತ್ತೆ?" ಎಂದೆ.

"ಕಾಣಾಕಿಲ್ಲ ಅಂತ ನನಗೂ ಗೊತ್ತೈತೆವ್ವಾ. ಆದ್ರ ನೋಡದ ಹೆಂಗ ಇರ್ಲಿ?" ಎಂದರು.

ಉಳಿದ ಹೊತ್ತೆಲ್ಲ ಮೆಟ್ಟಿಲ ಮೇಲೆ ಅವರ ಕಾವಲು. ನಾನು ಬಟ್ಟೆ ಒಣಹಾಕಲು ಇಳಿದರೂ ಕೈಯಲ್ಲಿ ಪೊರಕೆಯಿದೆಯೇ ಎಂದು ನೋಡುತ್ತಿದ್ದರು. ಸಾಲದ್ದಕ್ಕೆ ಗಾಳಿ ಬೇರೆ ಎದ್ದಿತು. ಎಲಚಿ ಮರ ತನ್ನಲ್ಲಿದ್ದ ಎಲೆಯನ್ನೆಲ್ಲ ಉದುರಿಸಿತು. ಮೂಲೆಮೂಲೆಯಲ್ಲಿ ಮರಳು ಗುಡ್ಡೆಯಾಯಿತು. ಎಲ್ಲಿಂದಲೋ ಪ್ಲಾಸ್ಟಿಕ್ ಚೀಲಗಳು ಹಾರಿಬಂದು ಗೇಟಿಗೆ ಅಂಟಿಕೊಂಡವು. ಯಜಮಾನರು ಮಸೀದಿಗೆ ಹೋಗುವಾಗ ಬಿಳಿ ನಿಲುವಂಗಿ ದಿಶ್ದಾಶಾದ ಅಂಚನ್ನು ಎತ್ತಿ ಹಿಡಿದು ಕಸ ದಾಟಿ ಹೋಗುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೂ ಆ ಕಸವೇ ಕಾಣುತ್ತಿತ್ತು ಎಂದರೆ ನಗುತ್ತೀರಿ, ನನ್ನ ಸಂಕಟ ನನಗೆ.

ಕೊನೆಗೆ ಒಂದು ಮಧ್ಯಾಹ್ನ ಖಾಲಾ ಬಾಗಿಲು ತೆರೆದು ಹೊರಗೆ ಬಂದರು. ಅತ್ತೆಯನ್ನು ನೋಡಲಿಲ್ಲ, ನನ್ನನ್ನೇ ಕೇಳಿದರು: "ಮಗಳೇ, ಮೈಗೆ ಹುಷಾರಿಲ್ಲವೇ? ನೀನು ಅಂಗಳ ಗುಡಿಸಿ ಎಷ್ಟು ದಿನವಾಯಿತು!"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೆಟ್ಟಿಲಿಂದ ಎದ್ದರು. "ಅಕಿಗೆ ಬೈಬ್ಯಾಡ್ರಿ. ನಾನ ಬ್ಯಾಡಂದೀನಿ. ನಿಮ್ಮ ನೀರ ಕೆಡಿಸಿದಾಕಿ ನಾನು, ನನ್ನ ಕಡೆಯಿಂದ ಆಗೂದ ಇಷ್ಟು. ಅಂವ ಮುಟ್ಟಿದ ಅಂತ ಸುದ್ದಿ ಬರ್ಲಿ, ನಾನ ಕಸಾ ಹೊಡೀತೀನಿ."

ಖಾಲಾ ಅಂಗಳವನ್ನೊಮ್ಮೆ ನೋಡಿದರು. ಎಲೆ, ಮರಳು, ಚೀಲ, ಒಣಗಿ ಬಿರಿದ ರಾಡಿ, ರಾಡಿಯಲ್ಲಿ ಅಂಟಿಕೊಂಡ ರೇಹಾನ್ ಎಲೆಗಳು. ಅವರ ಮಗನಿಗಾಗಿ ಇಷ್ಟು ದಿನ ಒಬ್ಬಾಕೆ ಈ ಕಸವನ್ನು ಕಾಯುತ್ತ ಕೂತಿದ್ದಾಳೆಂದು ಅವರಿಗೆ ಆಗ ಅರ್ಥವಾಗಿರಬೇಕು. ಬಂದು ಅತ್ತೆಯ ಪಕ್ಕದ ಮೆಟ್ಟಿಲ ಮೇಲೆ ಕೂತರು.

"ನನ್ನ ನೀರಂತೂ ಮಣ್ಣಿಗೆ ಹೋಯಿತು ಬೆಹೆನ್," ಎಂದರು. "ಇನ್ನು ನಿಮ್ಮ ಕಸವನ್ನೇ ನಂಬೋಣ. ಸರಿಯಾಗಿ ಹೇಳಿಕೊಡಿ. ಮನೆಯೊಳಗೂ ಗುಡಿಸಬಾರದೇ?"

"ಒಳಗ ಹೊಡೀರಿ. ಅಂವ ದಾಟಿದ ಹೊಸ್ತಿಲದಿಂದ ಹೊರಗ ಬ್ಯಾಡ."

ಇಬ್ಬರೂ ಅಳುತ್ತಿದ್ದರು. ನನ್ನ ಕಣ್ಣೂ ಒದ್ದೆಯಾಯಿತು, ಆದರೆ ನಿಜ ಹೇಳಬೇಕೆಂದರೆ ಕಸದ ಮೇಲೂ ಒಂದು ಕಣ್ಣಿತ್ತು. ಅವತ್ತು ಸಂಜೆ ಕಾವಾ ಫ್ಲಾಸ್ಕು ಮೇಲೆ ಬಂತು. ಗಂಡನಿಗೆ ವಿಷಯ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆರ ದೇಶದವ್ರು ವರ್ಷಾನಗಟ್ಟಲೆ ಕುಂತ ಮಾತಾಡಿ ಮಾಡಿದ ಒಪ್ಪಂದಾನ, ನಮ್ಮವ್ವ ಮೆಟ್ಟಲ ಮ್ಯಾಲ ಮಾಡಿ ಮುಗಿಸ್ಯಾಳ!" ಎಂದರು. ಅತ್ತೆ ನಗಲಿಲ್ಲ. ಅವರಿಗೆ ಅದು ತಮಾಷೆಯಾಗಿರಲಿಲ್ಲ.

ಮರುದಿನವೇ ಫೋನು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಕೆಲವು ದಿನ ಬೇಕಾಯಿತು. ಒಂದು ಬೆಳಿಗ್ಗೆ ಕೆಳಗಿನಿಂದ ಖಾಲಾ "ಬೆಹೆನ್! ಬೆಹೆನ್!" ಎಂದು ಕೂಗಿದ್ದು ಕೇಳಿ ಒಲೆಯನ್ನೂ ಆರಿಸದೆ ಓಡಿದೆ. ಇಳಿದು ನೋಡಿದರೆ ಫೋನಿನ ರಿಸೀವರನ್ನು ಎದೆಗೊತ್ತಿಕೊಂಡು ನಗುತ್ತಿದ್ದಾರೆ. ಅವನು ಕ್ಷೇಮವಾಗಿ ತಲುಪಿದ್ದ. ಮೊದಲ ದಿನಗಳಲ್ಲಿ ಫೋನಿನ ಮುಂದೆ ಸಾಲೇ ಕರಗುತ್ತಿರಲಿಲ್ಲವಂತೆ. ಖಾಲಾ ಅವನಿಗೆ ನೀರು ಚೆಲ್ಲಿದ ಕಥೆ, ಕಸದ ಕಥೆ ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದರು. ಅವನು ಅಲ್ಲೇ ಬಿದ್ದೂ ಬಿದ್ದೂ ನಕ್ಕನಂತೆ.

ನಾನು ಪೊರಕೆಗೆ ಓಡಿದೆ. ಆಗ ಖಾಲಾ ಒಂದು ಪ್ರಶ್ನೆ ಎತ್ತಿದರು. "ಬೆಹೆನ್, ನಿಮ್ಮದು ಅವನು ತಲುಪುವವರೆಗೆ. ನಮ್ಮದು ತಿರುಗಿ ಬರುವುದಕ್ಕೆ. ತಲುಪಿದ, ಸರಿ. ಬರುವುದಕ್ಕೆ ಏನು ಮಾಡೋಣ?"

ಬಾಗಲಕೋಟೆಯ ಪದ್ಧತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅತ್ತೆ ಎದ್ದು ಹೋಗಿ ಗೇಟಿನಾಚೆ ಪಿಕಪ್ ನಿಂತಿದ್ದ ಜಾಗವನ್ನು ತೋರಿಸಿದರು. ನೀರು ಬೀಳಬೇಕಾಗಿದ್ದ ಜಾಗವೂ ಅದೇ. "ಅಂಗಳಾ ಹೊಡೀಲಿ. ಇದಿಷ್ಟ ಬಿಡ್ರಿ. ಅಂವ ಬಂದ ಇದರ ಮ್ಯಾಲ ಕಾಲಿಟ್ಟ ಮ್ಯಾಲೆ ಹೊಡದ್ರಾತು."

ಖಾಲಾಗೆ ಅದು ತುಂಬ ಹಿಡಿಸಿತು. ಯಾವ ಊರಿನಲ್ಲೂ ಇಲ್ಲದ ಒಂದು ಹೊಸ ಪದ್ಧತಿ ಹಾಗೆ ಆ ಗೇಟಿನ ಮುಂದೆ ಹುಟ್ಟಿತು. ಅದರ ಬಿಸಿ ತಟ್ಟಿದ್ದು ನನಗೆ. ಅಂಗಳ ಕನ್ನಡಿಯಂತೆ, ಬಾಗಿಲಲ್ಲಿ ಪುಟ್ಟ ರಂಗೋಲಿ, ಆದರೆ ಗೇಟು ದಾಟಿದರೆ ಒಂದು ಜಮಖಾನೆಯಗಲದ ತಿಪ್ಪೆ. ಮಗಳ ಶಾಲೆಯ ಗೆಳತಿಯ ತಾಯಿ ಒಮ್ಮೆ ಬಂದವರು ಅದನ್ನೇ ದಿಟ್ಟಿಸಿ ನೋಡಿದರು. ನಾನು ಏನೆಂದು ವಿವರಿಸಲಿ? ಗಾಳಿ ಬೀಸಿದರೆ ಎಲೆ ಹಾರಿಹೋಗುತ್ತಿತ್ತು, ಮತ್ತೆ ಹೊಸದು ಬಂದು ಕೂರುತ್ತಿತ್ತು. ಅದನ್ನು ದಾಟುವಾಗಲೆಲ್ಲ ಮೂಗು ಮುರಿಯುತ್ತಿದ್ದೆ. ಆದರೆ ಒಂದು ದಿನವೂ ಅದಕ್ಕೆ ಪೊರಕೆ ತಾಗಿಸಲಿಲ್ಲ.

ಯುದ್ಧ ಶುರುವಾಯಿತು. ಅವನಿದ್ದ ಪಡೆ ಯುದ್ಧಕ್ಕೆ ಹೋದದ್ದಲ್ಲ, ನೆರೆಯವರ ಗಡಿ ಕಾಯಲು ನಿಂತದ್ದು ಎಂದು ಯಜಮಾನರು ಮತ್ತೆ ಮತ್ತೆ ಹೇಳುತ್ತಿದ್ದರು. ಅದು ಅವರು ತಮಗೇ ಹೇಳಿಕೊಳ್ಳುತ್ತಿದ್ದದ್ದು. ಕಡಿಮೆ ಮಾತಿನ ಮನುಷ್ಯ ಹಾಗೆ ಮಾತನಾಡತೊಡಗಿದರೆ ಕೇಳುವವರಿಗೆ ಇನ್ನಷ್ಟು ಭಯ. ಒಂದು ದಿನ ಅವರು ಗೇಟಿನ ಬಳಿ ನಿಂತು, ಗಾಳಿಗೆ ಬಂದು ಬಿದ್ದ ಚೀಲವೊಂದನ್ನು ಎತ್ತಲು ಬಗ್ಗಿದವರು ಏನೋ ನೆನಪಾಗಿ ಹಾಗೆಯೇ ಬಿಟ್ಟು ಒಳಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಆ ದಿನ ನನಗೆ ಆ ಮನುಷ್ಯನ ಮೇಲೆ ತುಂಬ ಅಕ್ಕರೆ ಬಂತು.

ಅವನು ಬರುವ ಮೊದಲೇ ಅತ್ತೆಯ ವೀಸಾ ಮುಗಿಯಿತು. "ಇನ್ನೊಂದೆಂಟ ದಿನಾ ಇದ್ದಿದ್ರ ಅವನ ಮಾರಿ ನೋಡಿ ಹೋಗ್ತಿದ್ನೆಲ್ಲೋ," ಎಂದು ಮಗನ ಬೆನ್ನು ಹತ್ತಿದರು. ಮಗನ ಕೈಲಿ ಏನಿದೆ? ಪೆಟ್ಟಿಗೆ ಕಟ್ಟಿದ್ದಾಯಿತು. ಖಾಲಾ ಒಂದು ಡಬ್ಬಿ ತುಂಬ ಹಲ್ವಾ ಕೊಟ್ಟರು, ಗೇಟಿನವರೆಗೂ ಬಂದು ಅತ್ತೆಯನ್ನು ತಬ್ಬಿಕೊಂಡರು. ಕೈಯಲ್ಲಿ ಬೋಗುಣಿ ಇರಲಿಲ್ಲ. ಬೆಹೆನ್‌ಗೆ ಅದು ಅಪಶಕುನ ಎಂದು ಬೇಕೆಂದೇ ಬಿಟ್ಟು ಬಂದಿದ್ದರು.

ಅತ್ತೆ ಕಾರಿನಲ್ಲಿ ಕೂತವರು ಮತ್ತೆ ಬಾಗಿಲು ತೆರೆದು ಇಳಿದರು. "ನೀರೆಲ್ಲೈತಿ ಬೀಬಿ?"

"ನಿಮ್ಮಲ್ಲಿ ಹಾಕಬಾರದಲ್ಲ?"

"ನಮ್ಮಲ್ಲಿ ಹಾಕಬಾರ್ದು, ಖರೆ. ಆದ್ರ ನಾನ ಹೊಂಟಿದ್ದ ನಿಮ್ಮ ಮನಿಯಿಂದ ಅಲ್ಲೇನು? ತರ್ರಿ. ಅರ್ಧಾ ನನಗ ಹಾಕ್ರಿ, ಅರ್ಧಾ ಅವಗ ಹಾಕ್ರಿ. ಅವಂದು ಬಾಕಿ ಐತಿ."

ಖಾಲಾ ಒಳಗೆ ಓಡಿದರು. ಅದೇ ಬೋಗುಣಿ, ಅದೇ ರೇಹಾನ್ ಎಲೆ. ಕಾರು ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ನೀರು ಬಿಸಿಲಿಗೆ ಹೊಳೆದು, ಗುಡಿಸದ ಆ ಜಾಗದ ಮೇಲೆ ಬಿತ್ತು. ಅತ್ತೆ ಹಿಂದಕ್ಕೆ ತಿರುಗಿ ನೋಡಲಿಲ್ಲ, ಅವರ ಕಡೆ ಹಾಗೆ ನೋಡಬಾರದು. ಕಣ್ಣು ಮುಚ್ಚಿ ಕೈಮುಗಿದುಕೊಂಡಿದ್ದರು. ವಿಮಾನ ನಿಲ್ದಾಣದಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು. "ನಾ ಊರ ಮುಟ್ಟಿ ಫೋನ್ ಮಾಡೂತನಾ ಕಸಾ ಹೊಡಿಬ್ಯಾಡಬೇ." ನಾನು ಹೊಡೆಯಲಿಲ್ಲ.

ಅವನು ಬಂದದ್ದು ಬೇಸಿಗೆ ಏರಿದ ಮೇಲೆ, ಒಂದು ಮಧ್ಯಾಹ್ನ. ಯುದ್ಧದ ಸುದ್ದಿ ತಣ್ಣಗಾಗಿ, ಜಂಟಿ ಪಡೆಯ ತುಕಡಿಗಳು ಒಂದೊಂದಾಗಿ ತಮ್ಮ ತಮ್ಮ ದೇಶಕ್ಕೆ ಮರಳುತ್ತಿದ್ದವು. ಸೊಸೆಗೆ ಹೆಣ್ಣು ಮಗು ಹುಟ್ಟಿತ್ತು. ಗೇಟಿನ ಮುಂದೆ ಗಾಡಿ ನಿಂತ ಸದ್ದಿಗೆ ನಾನು ಮೆಟ್ಟಿಲು ಇಳಿದೆ. ಬಿಸಿಲಿಗೆ ಕಪ್ಪಾಗಿದ್ದ, ತೆಳ್ಳಗಾಗಿದ್ದ. ಇಳಿದವನು, ಫೋನಿನಲ್ಲಿ ಎಲ್ಲ ಕೇಳಿದ್ದನಲ್ಲ, ಕಸದ ಮೇಲೆ ಎರಡೂ ಕಾಲಿಟ್ಟು ನಿಂತು ಅಮ್ಮನತ್ತ ನೋಡಿ ನಕ್ಕ. ಖಾಲಾ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಜಮಾನರು "ಯಲ್ಲಾ, ಯಲ್ಲಾ, ಒಳಗೆ ಬನ್ನಿ," ಎನ್ನುತ್ತಿದ್ದರು. ಯಾರೂ ಅಲುಗಲಿಲ್ಲ.

ಮಗುವನ್ನು ಎತ್ತಿಕೊಂಡದ್ದು, ಅತ್ತದ್ದು, ನಕ್ಕದ್ದು ಎಲ್ಲ ಆದ ಮೇಲೆ ಖಾಲಾ ನನ್ನ ಕೈಗೆ ಫೋನು ಕೊಟ್ಟು ಬಾಗಲಕೋಟೆಗೆ ಮಾಡಿಸಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರಿನ ಗುಂಡಿ ಒತ್ತಿದರು. "ಅಮ್ಮಾ, ಬಂದೆ," ಎಂದ ಅವನು.

ಆ ಕಡೆಯಿಂದ ಅತ್ತೆ, "ಬಂದೇನಪಾ? ನಿನ್ನ ನೀರ ನಾನ ಕೆಡಿಸಿದ್ನೋ ಮಗನ. ಸಿಟ್ಟ ಮಾಡಬ್ಯಾಡ," ಎಂದರು.

"ಕೆಟ್ಟಿಲ್ಲ ಅಮ್ಮಾ," ಎಂದ. ಶಿಬಿರದಲ್ಲಿ ಅವನ ಪಕ್ಕದ ಮಂಚದವನು ನೆರೆಯ ಪುಟ್ಟ ದ್ವೀಪ ದೇಶದ ಸೈನಿಕನಂತೆ. ನೀರಿನ ಕಥೆಯನ್ನು ಇವನು ನಗುತ್ತ ಹೇಳಿದ್ದಾನೆ. ಆ ಹುಡುಗ ನಗಲಿಲ್ಲವಂತೆ. ಅವನ ಅಜ್ಜಿಯೂ ಹಾಗೆಯೇ ನೀರು ಹಾಕುತ್ತಿದ್ದವಳು. ಆವತ್ತಿನಿಂದ ಇವನ ಗಾಡಿ ಶಿಬಿರದಿಂದ ಹೊರಟಾಗಲೆಲ್ಲ ಆ ಹುಡುಗ ಕುಡಿಯುವ ನೀರಿನ ಬಾಟಲಿ ಹಿಡಿದು ಬಂದು ಹಿಂದೆ ಚೆಲ್ಲುತ್ತಿದ್ದ. ಮೊದಲು ಎಲ್ಲರೂ ಗೇಲಿ ಮಾಡಿದರು, ಆಮೇಲೆ ಬೇರೆ ದೇಶದವರೂ ಗಾಡಿ ಹತ್ತುವ ಮೊದಲು ಅವನಿಗಾಗಿ ಕಾದು ನಿಲ್ಲತೊಡಗಿದರು.

ಖಾಲಾ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡರು. ಅತ್ತೆ ಕೇಳಿದರು. "ಆ ಹುಡುಗ ತನ್ನ ಊರಿಗೆ ಹೊಂಟಾಗ? ಅವಗ ಯಾರ ಹಾಕಿದ್ರೋ?"

"ನಾನೇ ಹಾಕಿದೆ ಅಮ್ಮಾ. ಅವರ ತುಕಡಿ ಮೊದಲು ಹೊರಟಿತು."

"ಮತ್ತ ಕಡೀಕ ನೀ ಹೊಂಟಾಗ?"

"ಆಗ ಯಾರೂ ಉಳಿದಿರಲಿಲ್ಲ," ಎಂದು ಅವನು ಬಾಗಿಲಾಚೆ ಗೇಟಿನತ್ತ ನೋಡಿದ. "ಆದರೆ ಇಲ್ಲಿ ನೀವು ಯಾರೂ ಗುಡಿಸಿರಲಿಲ್ಲವಲ್ಲ."

ಅತ್ತೆ ಅತ್ತರು. ಇಷ್ಟು ದಿನ ತಡೆದಿಟ್ಟುಕೊಂಡದ್ದನ್ನೆಲ್ಲ ಅತ್ತು ಮುಗಿಸಿ, ಮೂಗೊರೆಸಿಕೊಂಡು ನನ್ನನ್ನು ಕರೆದರು. "ಕೇಳಸ್ತೈತೇನ್ ಬೇ? ಅಂವ ಕಾಲಿಟ್ಟಾನಿಲ್ಲೋ? ಇನ್ನ ಹೊಡಿ ಆ ಕಸಾ. ನೀ ಎಷ್ಟ ಒದ್ದ್ಯಾಡಿದಿ ನನಗೊತ್ತೈತಿ."

ಪೊರಕೆ ತೆಗೆದುಕೊಂಡು ಗೇಟಿನವರೆಗೆ ಹೋದೆ. ಎಲಚಿ ಎಲೆಗಳ ಮೇಲೆ ಅವನ ಬೂಟಿನ ಎರಡು ಗುರುತು ಹಾಗೆಯೇ ಇದ್ದವು. ನನ್ನ ಕೈ ಏಳಲಿಲ್ಲ. ನಾಳೆ ಗುಡಿಸಿದರಾಯಿತು ಎಂದುಕೊಂಡು ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಬಂದೆ.